ಒಣಗಿದ್ದನ್ನು ಒರೆಸಬೇಡಿ

ನಿಮ್ಮ ಕಾರು ತಗೊಂಡು ಒಂದೆರಡು ವರ್ಷ ಆಗಿದ್ದರೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಊಟ ಆದಮೇಲೆ ಬೇಸ್‌ಮೆಂಟಿಗೆ ಇಳಿದು, ಮೊಬೈಲ್ ಟಾರ್ಚ್ ಹಾಕಿ, ಬಾನೆಟ್ಟಿನಿಂದ ಒಂದಡಿ ಮೇಲೆ ಹಿಡಿಯಿರಿ. ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ನೂರಾರು ಸಣ್ಣ ಸಣ್ಣ ಗೀರುಗಳು ಕಾಣುತ್ತವೆ. ಕಾರು ಕಪ್ಪು ಅಥವಾ ಕಡುನೀಲಿ ಬಣ್ಣದ್ದಾದರೆ ಎದೆ ಧಸಕ್ ಅನ್ನುತ್ತೆ. ಬಿಳಿ, ಸಿಲ್ವರ್ ಕಾರಿನವರು ಪುಣ್ಯವಂತರು. ಗೀರು ಅವರ ಕಾರಿನಲ್ಲೂ ಇರುತ್ತೆ, ಕಣ್ಣಿಗೆ ಬೀಳೋದು ಕಡಿಮೆ ಅಷ್ಟೆ.

ಟಾರ್ಚನ್ನು ಆಚೀಚೆ ಸರಿಸಿದರೆ ಆ ಬಲೆಯೂ ಜೊತೆಯಲ್ಲೇ ಸರಿಯುತ್ತೆ. ಅಂದರೆ ಯಾರೋ ಗುಂಡಗೆ ಉಜ್ಜಿದ್ದಕ್ಕೆ ಹಾಗೆ ಗುಂಡಗೆ ಕಾಣುತ್ತಿದೆ ಅಂತಲ್ಲ. ಗೀರುಗಳು ಎಲ್ಲಾ ದಿಕ್ಕಿಗೂ ಬಿದ್ದಿರುತ್ತವೆ. ಅವುಗಳಲ್ಲಿ ಬೆಳಕನ್ನು ನಮ್ಮ ಕಣ್ಣಿನ ಕಡೆ ತಿರುಗಿಸುವಂಥವು ಮಾತ್ರ ಹೊಳೆಯುತ್ತವೆ, ಹಾಗಾಗಿ ವೃತ್ತದ ಥರ ಕಾಣುತ್ತವೆ. ಅಡುಗೆಮನೆಯಲ್ಲಿ ನಾರು ಹಾಕಿ ತಿಕ್ಕಿದ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದು ನೋಡಿ, ಅಲ್ಲೂ ಇದೇ ಆಟ.

ಈ ಗೀರುಗಳಲ್ಲಿ ಹೆಚ್ಚಿನವು ಬಿದ್ದದ್ದು ರಸ್ತೆಯಲ್ಲಲ್ಲ, ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನುಗ್ಗಿದ ಬೈಕಿನಿಂದಲೂ ಅಲ್ಲ. ನಮ್ಮ ಪಾರ್ಕಿಂಗ್ ಜಾಗದಲ್ಲೇ, ಕಾರನ್ನು ಸ್ವಚ್ಛ ಮಾಡುವಾಗಲೇ ಬಿದ್ದದ್ದು.

ಕಾರಿನ ಪೇಂಟ್ ಅಂತ ನಾವು ಕರೆಯೋದು ಒಂದೇ ಪದರವಲ್ಲ. ತಗಡಿಗೆ ತುಕ್ಕು ಹಿಡಿಯದ ಹಾಗೆ ಮೊದಲು ಒಂದು ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ, ಗಾಜಿನಂಥ ಕ್ಲಿಯರ್ ಕೋಟ್. ಶೋರೂಮಿನಲ್ಲಿ ನಾವು ಮರುಳಾಗೋದು ಆ ಕ್ಲಿಯರ್ ಕೋಟಿನ ಹೊಳಪಿಗೆ. ಬಿಸಿಲಿನಿಂದ ಬಣ್ಣವನ್ನು ಕಾಯೋದೂ ಅದೇ. ಅದರ ದಪ್ಪ ಹೆಚ್ಚುಕಮ್ಮಿ 40ರಿಂದ 50 ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತೆ. ಅಂದರೆ ನೀವು ಐದು ವರ್ಷ ಇಎಂಐ ಕಟ್ಟೋ ಆ ಹೊಳಪು ಒಂದು ಕೂದಲಿಗಿಂತ ತೆಳು.

ಇನ್ನು ಧೂಳು. ಅಗೆದು ಬಿಟ್ಟ ರಸ್ತೆ, ಕಟ್ಟುತ್ತಿರುವ ಕಟ್ಟಡ, ಲಾರಿಯಿಂದ ಸುರಿಯುವ ಎಂ ಸ್ಯಾಂಡ್, ಇವೆಲ್ಲ ಸೇರಿದ್ದೇ ಬೆಂಗಳೂರಿನ ಧೂಳು. ಅದರಲ್ಲಿ ಬೆಣಚುಕಲ್ಲಿನ ಪುಡಿ ಧಾರಾಳವಾಗಿರುತ್ತೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10 ಆದರೆ ಬೆಣಚುಕಲ್ಲಿಗೆ 7. ಕಿಟಕಿ ಗಾಜೇ ಸುಮಾರು 5.5. ಕ್ಲಿಯರ್ ಕೋಟ್ ಅಂತೂ ಗಾಜಿಗಿಂತ ಎಷ್ಟೋ ಮೆತ್ತಗೆ. ಇಂಥ ಧೂಳಿನ ಮೇಲೆ ಒಣ ಬಟ್ಟೆ ಆಡಿಸಿದರೆ ಧೂಳು ಬಟ್ಟೆಗೆ ಹತ್ತಿಕೊಳ್ಳುತ್ತೆ, ಬಟ್ಟೆ ಬಡಗಿಯ ಉಪ್ಪುಕಾಗದ ಆಗುತ್ತೆ. ಬಟ್ಟೆ ಎಷ್ಟು ಮೆತ್ತಗಿದೆ ಅನ್ನೋದು ಆಮೇಲಿನ ಪ್ರಶ್ನೆ. ಹಳೇ ಬನಿಯನ್ ಆಗಲಿ, ಸಿಗ್ನಲ್ಲಿನಲ್ಲಿ ಮಾರೋ ಹಳದಿ ಬಟ್ಟೆ ಆಗಲಿ, ಆನ್‌ಲೈನಿನಲ್ಲಿ ತರಿಸಿದ ದುಬಾರಿ ಮೈಕ್ರೋಫೈಬರ್ ಆಗಲಿ, ಅದರ ಮತ್ತು ಪೇಂಟಿನ ನಡುವೆ ಒಣ ಧೂಳಿದ್ದರೆ ಎಲ್ಲವೂ ಗೀರುತ್ತವೆ.

ಹಾಗಾಗಿ ಇಡೀ ವಿದ್ಯೆ ಇರೋದು ಒಂದೇ ಮಾತಿನಲ್ಲಿ. ಧೂಳನ್ನು ಮೊದಲು ನೆನೆಸಿ, ಕೆಳಗಿಳಿಸಿ, ಆಮೇಲೆ ಮುಟ್ಟಿ. ಒರೆಸೋದು ಬೇರೆ, ತೊಳೆಯೋದು ಬೇರೆ.

ಇದು ನನಗಿಂತ ಚೆನ್ನಾಗಿ ಗೊತ್ತಿರೋದು ನಮ್ಮಪ್ಪನಿಗೆ. ಆದರೆ ಅವರಿಗೆ ಗೊತ್ತಿರೋದು ಕಾರಿನ ಲೆಕ್ಕದಲ್ಲಲ್ಲ, ಎತ್ತಿನ ಲೆಕ್ಕದಲ್ಲಿ. ನಮ್ಮದು ತಿಪಟೂರು ಕಡೆಯ ಊರು. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಒಂದು ಜೋಡಿ ಎತ್ತಿದ್ದವು. ಅವನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯೋದು ಅಪ್ಪನ ಕೆಲಸ, ಬಾಲದ ಕಡೆ ನೀರು ಎರಚೋದು ನನ್ನ ಕೆಲಸ. ತೆಂಗಿನ ನಾರಿನ ಉಂಡೆ ಹಿಡಿದು, ಬೆನ್ನಿನಿಂದ ಶುರು ಮಾಡಿ ಹೊಟ್ಟೆಗೆ, ಹೊಟ್ಟೆಯಿಂದ ಕಾಲಿಗೆ, ಕೂದಲು ಮಲಗಿರುವ ದಿಕ್ಕಿಗೇ ತಿಕ್ಕುತ್ತಿದ್ದರು. ಗೊರಸು ಕೊನೆಗೆ. ಗೊರಸು ತಿಕ್ಕಿದ ನಾರನ್ನು ಮತ್ತೆ ಬೆನ್ನಿಗೆ ತರುತ್ತಿರಲಿಲ್ಲ.

ಕಳೆದ ಯುಗಾದಿ ಮುಗಿಸಿಕೊಂಡು ಅಪ್ಪ ಅಮ್ಮ ಬೆಂಗಳೂರಿಗೆ ಬಂದು ಒಂದು ವಾರ ಇದ್ದರು. ಅಪ್ಪನಿಗೆ ಬೆಳಗ್ಗೆ ಐದಕ್ಕೇ ಎಚ್ಚರ. ಫ್ಲಾಟಿನಲ್ಲಿ ಐದಕ್ಕೆ ಎದ್ದವರಿಗೆ ಮಾಡೋಕೆ ಏನಿರುತ್ತೆ? ಎರಡನೇ ದಿನ ಇಬ್ಬರೂ ಕೆಳಗಿಳಿದು ಒಂದು ಸುತ್ತು ಹಾಕಿ ಕಾರಿನ ಹತ್ತಿರ ಬಂದೆವು. 'ಏನ್ ಮಗ, ಇಷ್ಟು ದುಡ್ಡು ಕೊಟ್ಟು ತಗಂಡು ಹಿಂಗೆ ಧೂಳು ತುಂಬ್ಸಿದ್ದೀಯಲ್ಲ' ಅಂದವರೇ ಹೆಗಲ ಮೇಲಿದ್ದ ಟವಲ್ಲು ತೆಗೆದರು.

ಅಪ್ಪನ ಟವಲ್ಲಿಗೆ ಬೇಡ ಅನ್ನೋದು ಕಷ್ಟ. ಸ್ಕೂಲಿಂದ ಬಂದ ನನ್ನ ಮುಖ ಒರೆಸಿದ್ದು ಅಂಥದ್ದೇ ಟವಲ್ಲಿನಲ್ಲಿ. ಸಿಇಟಿ ಕೌನ್ಸೆಲಿಂಗಿಗೆ ಅಂತ ಇದೇ ಬೆಂಗಳೂರಿಗೆ ಬಂದಿದ್ದಾಗ, ನಾನು ಕೂರೋ ಮುಂಚೆ ಬೆಂಚು ಒರೆಸಿದ್ದೂ ಅಂಥದ್ದರಲ್ಲೇ. ನಮ್ಮ ಕಡೆ 'ನೀನು ನನಗೆ ಮುಖ್ಯ ಕಣೋ' ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ, ಟವಲ್ಲು ತೆಗೆದು ಧೂಳು ಹೊಡೀತಾರೆ. ಅದನ್ನು ಹೋಗಿ 'ಅಪ್ಪ, ಮೈಕ್ರಾನು, ಕ್ಲಿಯರ್ ಕೋಟು' ಅಂತ ತಡೆಯೋದು ಹೇಗೆ?

ನಾನು ಎತ್ತಿನ ಮಾತು ತೆಗೆದೆ.

'ಅಪ್ಪ, ಎತ್ತಿನ ತೊಡೆಗೆ ಸಗಣಿ ಒಣಗಿ ಹಿಡ್ಕೊಂಡಿದ್ರೆ ಏನ್ ಮಾಡ್ತಿದ್ರಿ?'

'ನೀರು ಹುಯ್ದು ನೆನೆಯಾಕೆ ಬಿಡ್ತಿದ್ದೆ. ಒಣಗಿದ್ದನ್ನೇ ಕಿತ್ರೆ ಕೂದ್ಲೂ ಬತ್ತದೆ. ಎತ್ತು ಒದೀತದೆ.'

'ಇದೂ ಅಷ್ಟೆ. ಒದೆಯಲ್ಲ ಅನ್ನೋದೊಂದೇ ವ್ಯತ್ಯಾಸ.'

ಅಪ್ಪ ಒಂದು ಗಳಿಗೆ ಬಾನೆಟ್ಟನ್ನೇ ನೋಡಿದರು. ಟವಲ್ಲನ್ನು ಕೊಡವಿ ಹೆಗಲಿಗೆ ವಾಪಸ್ ಹಾಕಿಕೊಂಡು, 'ಹಂಗಾದ್ರೆ ನೀರು ತಗಂಬಾ' ಅಂದರು.

ಆ ಬೆಳಗ್ಗೆ ನಾವಿಬ್ಬರೂ ಸೇರಿ ತೊಳೆದ ಕ್ರಮವನ್ನೇ ಇಲ್ಲಿ ಹೇಳುತ್ತೇನೆ. ನಾನು ಎಲ್ಲಾ ಸಲವೂ ತೊಳೆಯೋದು ಹೀಗೇ.

ಮೊದಲನೆಯದು ಜಾಗ ಮತ್ತು ಹೊತ್ತು. ಬಿಸಿಲಲ್ಲಿ ನಿಂತು ಕಾದ ಕಾರನ್ನು ತೊಳೆಯಬಾರದು. ಸೋಪು ನೀರು ಅಲ್ಲಲ್ಲೇ ಒಣಗುತ್ತೆ. ಅದರಲ್ಲೂ ನಮ್ಮ ಬೋರ್‌ವೆಲ್ ನೀರು ಗಡಸು. ಒಣಗಿದ ಕಡೆಯೆಲ್ಲ ಅದರಲ್ಲಿರುವ ಸುಣ್ಣದಂಶ ಬಿಳಿ ಕಲೆಯಾಗಿ ಕೂರುತ್ತೆ, ಗೀಸರಿನೊಳಗೆ ಕಟ್ಟಿಕೊಳ್ಳುವ ಹಾಗೆ. ನೆರಳು ಬೇಕು, ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು.

ಎರಡನೆಯದು ನೆನೆಸೋದು. ಊರಲ್ಲಿ ಔಷಧಿ ಹೊಡೆಯೋಕೆ ಬೆನ್ನಿಗೆ ಹಾಕಿಕೊಳ್ಳೋ ಕ್ಯಾನ್ ಇರುತ್ತಲ್ಲ, ಅದರ ಮರಿ, ಐದು ಲೀಟರಿನ ಕೈಪಂಪಿನ ಸ್ಪ್ರೇಯರ್ ಅಂಗಡಿಯಲ್ಲಿ ಸಿಗುತ್ತೆ. ಹೊಸದೇ ತಗೊಳ್ಳಿ, ಔಷಧಿ ಹೊಡೆದದ್ದು ಬೇಡ. ನೀರಿಗೆ ಸ್ವಲ್ಪ ಕಾರ್ ಶಾಂಪೂ ಬೆರೆಸಿ ಇಡೀ ಕಾರಿಗೆ ಹೊಡೆದು ಒಂದೆರಡು ನಿಮಿಷ ಬಿಡಿ. ಧೂಳು ತಾನೇ ಸಡಿಲವಾಗಿ ಜಾರೋಕೆ ಶುರುವಾಗುತ್ತೆ. ಆಮೇಲೆ ಬರೀ ನೀರು ಹೊಡೆದು ಇಳಿಸಿ. ಹಕ್ಕಿ ಹಿಕ್ಕೆ ಇದ್ದರೆ ಅದರ ಮೇಲೆ ಒದ್ದೆ ಬಟ್ಟೆ ಹಾಸಿ ಐದು ನಿಮಿಷ ಬಿಟ್ಟು ಮೇಲೆತ್ತಿ. ಉಗುರಲ್ಲಿ ಕೆರೆಯೋಕೆ ಹೋಗಬೇಡಿ. ಸ್ಪ್ರೇಯರ್ ಒತ್ತುತ್ತಾ ಅಪ್ಪ ಕಾರನ್ನು ಎರಡು ಸುತ್ತು ಹಾಕಿದರು, ತೋಟದಲ್ಲಿ ನಡೆಯೋ ಅದೇ ನಡಿಗೆಯಲ್ಲಿ.

ಮೂರನೆಯದು ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರಿನ ಕೈಗವಸನ್ನು ಶಾಂಪೂ ನೀರಲ್ಲಿ ಅದ್ದಿ ಒಂದು ಭಾಗ ತೊಳೆಯಿರಿ. ಮತ್ತೆ ಶಾಂಪೂ ಬಕೆಟ್ಟಿಗೆ ಹೋಗುವ ಮುಂಚೆ ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ ಹಿಂಡಿ. ಕೊಳೆಯೆಲ್ಲ ಎರಡನೇ ಬಕೆಟ್ಟಿನಲ್ಲೇ ಉಳಿಯಬೇಕು. ತಳದಲ್ಲಿ ಕೂತ ಮರಳು ಮತ್ತೆ ಕೈಗವಸಿಗೆ ಹತ್ತದಿರಲಿ ಅಂತ ಇಡೋ ಜಾಲರಿಯೂ ಮಾರಾಟಕ್ಕಿದೆ. ನಾನು ತರಕಾರಿ ತೊಳೆಯೋ ಹಳೇ ಪ್ಲಾಸ್ಟಿಕ್ ಜಾಲರಿ ಬುಟ್ಟಿಯನ್ನು ಬೋರಲು ಹಾಕಿದ್ದೇನೆ, ಚೆನ್ನಾಗೇ ಕೆಲಸ ಮಾಡುತ್ತೆ. ಪಾತ್ರೆ ತೊಳೆಯೋ ಲಿಕ್ವಿಡ್ ಬೇಡ. ಜಿಡ್ಡು ತೆಗೆಯೋದೇ ಅದರ ಕೆಲಸ, ಹಾಗಾಗಿ ಕಾರಿನ ಮೇಲೆ ವ್ಯಾಕ್ಸ್ ಇದ್ದರೆ ಅದನ್ನೂ ತೆಗೆದುಬಿಡುತ್ತೆ. ಕಾರ್ ಶಾಂಪೂವಿನ ದೊಡ್ಡ ಗುಣ ನೊರೆ ಅಲ್ಲ, ಜಾರಿಕೆ. ಕೊಳೆ ಪೇಂಟಿಗೆ ಉಜ್ಜದೆ ಜಾರಿ ಹೋಗುತ್ತೆ.

ನಾಲ್ಕನೆಯದನ್ನು ಅಪ್ಪನಿಗೆ ಹೇಳಿಕೊಡಬೇಕಾಗಿ ಬರಲಿಲ್ಲ. ಮೇಲಿಂದ ಕೆಳಕ್ಕೆ, ಅಂದರೆ ಮೊದಲು ರೂಫ್, ಆಮೇಲೆ ಗಾಜು, ಬಾನೆಟ್, ಬಾಗಿಲಿನ ಮೇಲರ್ಧ, ಕೆಳಗರ್ಧ, ಬಂಪರ್. ಗುಂಡಗೆ ತಿರುಗಿಸದೆ ನೇರ ಗೆರೆಯಲ್ಲಿ, ಕೈ ಭಾರ ಬಿಡದೆ. ಚಕ್ರಕ್ಕೆ ಬೇರೆ ಬಕೆಟ್, ಬೇರೆ ಬಟ್ಟೆ, ಯಾಕೆಂದರೆ ಅಲ್ಲಿ ಬ್ರೇಕ್ ಪ್ಯಾಡ್ ಸವೆದು ಉದುರಿದ ಪುಡಿ ಇರುತ್ತೆ, ಅದರಲ್ಲಿ ಲೋಹದ ಚೂರುಗಳಿರುತ್ತವೆ. ಗೊರಸು ತಿಕ್ಕಿದ ನಾರು ಬೆನ್ನಿಗೆ ಬರಬಾರದು.

ಕೊನೆಯದು ಒಣಗಿಸೋದು. ಬಟ್ಟೆ ಎಳೆದಾಡಬೇಡಿ. ದಪ್ಪನೆಯ ಮೈಕ್ರೋಫೈಬರ್ ಟವಲ್ಲನ್ನು ನೀರಿನ ಮೇಲೆ ಹಾಸಿ, ಮೆಲ್ಲಗೆ ತಟ್ಟಿ ಎತ್ತಿ, ಮಗುವಿನ ತಲೆ ಒರೆಸೋ ಹಾಗೆ. ಟವಲ್ಲು ಕೈಜಾರಿ ನೆಲಕ್ಕೆ ಬಿದ್ದರೆ ಅವತ್ತಿಗೆ ಅದರ ಕೆಲಸ ಮುಗಿಯಿತು. ಒಗೆಯುವಾಗ ಈ ಬಟ್ಟೆಗಳನ್ನು ಬೇರೆಯಾಗಿಯೇ ಒಗೆಯಿರಿ, ಘಮಘಮ ಅನ್ನೋ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ಅದು ಎಳೆಗಳ ಮೇಲೆ ಕೂತು ನೀರು ಹೀರೋ ಗುಣವನ್ನೇ ಕೆಡಿಸುತ್ತೆ.

'ಇಷ್ಟೆಲ್ಲಾ ನೀರು ಎಲ್ಲಿಂದ ತರೋದು?' ಅಂತ ನೀವು ಕೇಳಿಯೇ ಕೇಳುತ್ತೀರಿ. ಕೇಳಲೇಬೇಕು. 2024ರ ಬೇಸಿಗೆ ನೆನಪಿದೆಯಲ್ಲ. ಆ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ಟ್ಯಾಂಕರಿಗೆ ಕಾದು ಕೂತ ಊರಲ್ಲಿ ಕಾರಿಗೆ ಪೈಪು ಹಿಡಿಯೋದು ದಂಡ ಇಲ್ಲದಿದ್ದರೂ ನಾಚಿಕೆಯ ವಿಷಯವೇ. ನಮ್ಮ ಬೇಸ್‌ಮೆಂಟಿನ ಪೈಪಿನ ಕೆಳಗೆ 20 ಲೀಟರಿನ ಬಕೆಟ್ ಇಟ್ಟು ನೋಡಿದೆ, ಒಂದೂವರೆ ನಿಮಿಷಕ್ಕೆ ತುಂಬಿತು. ಹತ್ತು ನಿಮಿಷ ಪೈಪು ಬಿಟ್ಟರೆ 130 ಲೀಟರ್ ದಾಟುತ್ತೆ. ಮೇಲೆ ಹೇಳಿದ ಕ್ರಮದಲ್ಲಿ ನನಗೆ 35ರಿಂದ 40 ಲೀಟರ್ ಸಾಕು.

ಅದೂ ಹೆಚ್ಚಾಯಿತು ಅನ್ನೋವಾಗ 'ರಿನ್ಸ್‌ಲೆಸ್ ವಾಶ್' ಅನ್ನೋ ದ್ರಾವಣ ಇದೆ. ಬಾಟಲಿಯ ಮೇಲೆ ಬರೆದ ಅಳತೆಯಷ್ಟು ಅರ್ಧ ಬಕೆಟ್ ನೀರಿಗೆ ಹಾಕಬೇಕು. ಅದರಲ್ಲಿರುವ ಪಾಲಿಮರ್ ಧೂಳಿನ ಕಣಗಳನ್ನು ಸುತ್ತುವರಿದು ಜಾರುವ ಹಾಗೆ ಮಾಡುತ್ತೆ. ಮತ್ತೆ ನೀರು ಹಾಕಿ ತೊಳೆಯೋದು ಬೇಕಿಲ್ಲ, ಒರೆಸಿ ಒಣಗಿಸಿದರೆ ಆಯಿತು. ಇಲ್ಲೂ ಮೊದಲು ಸ್ಪ್ರೇಯರಿನಿಂದ ನೆನೆಸಲೇಬೇಕು. ಒಂದೇ ಬಟ್ಟೆಯನ್ನು ಅದ್ದಿ ಅದ್ದಿ ಒರೆಸದೆ ಐದಾರು ಬಟ್ಟೆ ಇಟ್ಟುಕೊಂಡು, ಭಾಗಕ್ಕೊಂದರಂತೆ ಬಳಸಿ ಪಕ್ಕಕ್ಕೆ ಹಾಕಬೇಕು. ಎಲ್ಲಾ ಸೇರಿ 15 ಲೀಟರಿನೊಳಗೆ ಮುಗಿಯುತ್ತೆ. ವಾರವಿಡೀ ಆಫೀಸಿಗೆ ಓಡಾಡಿ ಕೂತ ಧೂಳಿಗೆ ಇದು ಸಾಕು. ಊರಿಗೆ ಹೋಗಿ ಕೆಸರು ಮೆತ್ತಿಸಿಕೊಂಡು ಬಂದ ಕಾರಿಗೆ ಸಾಕಾಗಲ್ಲ.

ಇಷ್ಟನ್ನೂ ಓದಿ 'ನಾನೆಲ್ಲಿ ತೊಳೀತೀನಿ, ಬೇಸ್‌ಮೆಂಟಿನಲ್ಲಿ ಒಬ್ಬ ಬರ್ತಾನಲ್ಲ' ಅನ್ನೋರೇ ನಿಮ್ಮಲ್ಲಿ ಹೆಚ್ಚು ಅಂತ ನನಗೆ ಗೊತ್ತು. ನಮ್ಮಲ್ಲೂ ಒಬ್ಬರಿದ್ದಾರೆ. ಯಾದಗಿರಿ ಕಡೆಯವರು, ವಯಸ್ಸಿನಲ್ಲಿ ನನಗಿಂತ ಎರಡು ಮೂರು ವರ್ಷ ದೊಡ್ಡವರು. ಬೆಳಗ್ಗೆ ಐದಕ್ಕೆ ಬಂದು ಎಂಟಕ್ಕೆ ಮುಗಿಸುತ್ತಾರೆ, ಆಮೇಲೆ ಇನ್ನೊಂದು ಕಡೆ ಸೆಕ್ಯುರಿಟಿ ಕೆಲಸ. ಕೆಲವು ತಿಂಗಳ ಹಿಂದೆ ನಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಹೊಸ ಕಪ್ಪು ಕಾರಿನವರೊಬ್ಬರು ಮೊಬೈಲಿನಲ್ಲಿ ಫೋಟೋ ತೋರಿಸಿ, 'ಎಂಟು ತಿಂಗಳಿಗೆ ಹೀಗಾಗಿದೆ, ಅವನನ್ನ ತೆಗೆದುಹಾಕಿ, ಆ್ಯಪಿನವರಿಗೆ ಕೊಡೋಣ' ಅಂದರು. ಫೋಟೋದಲ್ಲಿದ್ದದ್ದು ನಿಜವಾದ ಗೀರುಗಳೇ. ತಲೆಯಾಡಿಸಿದವರೂ ಬಹಳ ಜನ.

ನಿರ್ಧಾರ ಮಾಡುವ ಮುಂಚೆ ಒಂದು ವಾರ ಟೈಮ್ ಕೊಡಿ ಅಂತ ಕೇಳಿದೆ. ಮಾರನೇ ದಿನ ಐದಕ್ಕೆ ಕೆಳಗೆ ಹೋಗಿ ಅವರ ಜೊತೆ ಮಾತಾಡಿದೆ. 'ಸರ, ಇಪ್ಪತ್ತಾರು ಗಾಡಿ ಅವ. ಎಂಟರ ಒಳಗ ಮುಗಿಸ್ಬೇಕು. ದಿನಾ ಒರಸ್ಲಿಲ್ಲ ಅಂದ್ರ ರೊಕ್ಕ ಹಿಡೀತಾರ್ರಿ. ನೀರು ಮೂರು ಬಕೆಟ್ ಮ್ಯಾಲ ತಗೋಬ್ಯಾಡ ಅಂತ ಸೆಕ್ಯುರಿಟಿಗೆ ಹೇಳ್ಯಾರ. ನಾ ಏನ್ ಮಾಡ್ಲಿ?'

ಲೆಕ್ಕ ಹಾಕಿ ನೋಡಿ. ಮೂರು ಗಂಟೆ ಅಂದರೆ 180 ನಿಮಿಷ, 26 ಕಾರು. ಒಂದಕ್ಕೆ ಏಳು ನಿಮಿಷವೂ ಇಲ್ಲ. ಮೂರು ಬಕೆಟ್ ನೀರು, ಅಂದರೆ ಒಂದೊಂದು ಬಕೆಟ್ಟಿಗೆ ಎಂಟೊಂಬತ್ತು ಕಾರು. ಮೊದಲನೇ ಕಾರಿನ ಧೂಳು ಎಂಟನೇ ಕಾರಿನ ಮೇಲೆ ಓಡಾಡುತ್ತೆ. ಸಂಬಳ ಕಾರಿಗೆ ತಿಂಗಳಿಗೆ 500 ರೂಪಾಯಿ, ಕೆಲಸದ ದಿನ 26, ಒಂದು ಸಲಕ್ಕೆ 20 ರೂಪಾಯಿಯೂ ಬೀಳಲ್ಲ. ಬಟ್ಟೆ ಅವರೇ ತರಬೇಕು. ಇದರಲ್ಲಿ ಯಾರೇ ಬಂದರೂ, ಆ್ಯಪಿನ ಟೀ ಶರ್ಟ್ ಹಾಕಿಕೊಂಡು ಬಂದರೂ, ಗೀರು ಬಿದ್ದೇ ಬೀಳುತ್ತೆ. ಗೀರು ಎಳೆದದ್ದು ಅವರ ಕೈ ಇರಬಹುದು, ಆದರೆ 'ದಿನಾ ಒರೆಸು, ನೀರು ಮುಟ್ಟಬೇಡ' ಅಂತ ಹೇಳಿದ್ದು ನಾವೆಲ್ಲ ಸೇರಿ.

ಮುಂದಿನ ಮೀಟಿಂಗಿಗೆ ಇದೇ ಲೆಕ್ಕ ತಗೊಂಡು ಹೋದೆ. ದಿನಾ ಒರೆಸೋದು ಬೇಡ, ಪ್ರತಿ ಕಾರನ್ನೂ ವಾರಕ್ಕೆ ಎರಡು ಸಲ ತೊಳೆಯಲಿ. ದಿನಕ್ಕೆ ಒಂಬತ್ತು ಕಾರು ಬರುತ್ತೆ, ಒಂದೊಂದಕ್ಕೆ ಇಪ್ಪತ್ತು ನಿಮಿಷ ಸಿಗುತ್ತೆ. ದುಡ್ಡು ಅಷ್ಟೇ ಇರಲಿ. ಪ್ರತಿ ಮನೆಯವರೂ ತಮ್ಮ ಕಾರಿನ ಬಟ್ಟೆಗಳನ್ನು ಒಂದು ಚೀಲದಲ್ಲಿ ಹಾಕಿ ಕೊಡಲಿ, ಒಗೆಯೋದೂ ಅವರದೇ ಜವಾಬ್ದಾರಿ. ಸ್ಪ್ರೇಯರ್, ದ್ರಾವಣ ಎಲ್ಲರೂ ಸೇರಿ ತರಿಸೋಣ.

ಸುಲಭಕ್ಕೆ ಒಪ್ಪಲಿಲ್ಲ. 'ಕಡಿಮೆ ಕೆಲಸಕ್ಕೆ ಅಷ್ಟೇ ದುಡ್ಡಾ?' ಅಂತ ಒಬ್ಬರು. 'ಬೆಳಗ್ಗೆ ಧೂಳಿರೋ ಕಾರಲ್ಲಿ ಆಫೀಸಿಗೆ ಹೋಗೋದಾ?' ಅಂತ ಇನ್ನೊಬ್ಬರು. ಧೂಳು ಸುಮ್ಮನೆ ಕೂತಿದ್ದರೆ ಪೇಂಟಿಗೆ ಏನೂ ಮಾಡಲ್ಲ, ಅದನ್ನು ಒಣಗಿದ್ದಾಗ ಎಳೆದಾಡಿದರೆ ಮಾತ್ರ ತೊಂದರೆ ಅಂತ ನಾಲ್ಕು ಸಲ ಹೇಳಬೇಕಾಯಿತು. ಒಮ್ಮೆ ಬಿದ್ದ ಗೀರನ್ನು ಪಾಲಿಶ್ ಹೊಡೆಸಿ ತೆಗೆಯಬಹುದು, ಆದರೆ ಪಾಲಿಶ್ ಅಂದರೆ ಆ 40-50 ಮೈಕ್ರಾನಿನಲ್ಲೇ ಸ್ವಲ್ಪ ಉಜ್ಜಿ ತೆಗೆಯೋದು, ಪದೇ ಪದೇ ಮಾಡಿಸೋಕೆ ಆಗಲ್ಲ ಅಂತಲೂ ಹೇಳಿದೆ. ಕೊನೆಗೆ 17 ಮನೆಯವರು ಒಪ್ಪಿದರು, 9 ಮನೆಯವರು ಹಳೇ ಪದ್ಧತಿಯೇ ಇರಲಿ ಅಂದರು. ಅವರ ಕೆಲಸ ಉಳಿಯಿತು. ಈಗ ದಿನಕ್ಕೆ ಆರು ಕಾರು ತೊಳೆಯುತ್ತಾರೆ, ಒಂಬತ್ತು ಕಾರು ಒರೆಸುತ್ತಾರೆ. ಒರೆಸುವ ಕಾರುಗಳಿಗೂ ಈಗ ಮೊದಲು ಸ್ಪ್ರೇ ಹೊಡೆಯುತ್ತಾರೆ. ಅದನ್ನು ನಾನು ಹೇಳಿದ್ದಲ್ಲ, ಅವರೇ ಶುರು ಮಾಡಿದ್ದು. 'ಗೊತ್ತಾದ ಮ್ಯಾಲ ಒಣದು ಒರಸಾಕ ಕೈ ಬರಂಗಿಲ್ರಿ' ಅಂದರು.

ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇಂಥವರು ಒಬ್ಬರಿರುತ್ತಾರೆ. ಕಾರಿನ ಗೀರು ನೋಡಿ ಅವರ ಮೇಲೆ ಕೂಗಾಡುವ ಮುಂಚೆ ಮೂರು ಪ್ರಶ್ನೆ ಕೇಳಿ. ದಿನಕ್ಕೆ ಎಷ್ಟು ಗಾಡಿ? ಎಷ್ಟು ಬಕೆಟ್ ನೀರು? ಬಟ್ಟೆ ಯಾರು ಕೊಟ್ಟದ್ದು? ಆಮೇಲೆ ಒಂದು ಭಾನುವಾರ ಬೇಗ ಎದ್ದು ನಿಮ್ಮ ಕಾರನ್ನು ನೀವೇ ತೊಳೆದು ನೋಡಿ. ಇಪ್ಪತ್ತು ನಿಮಿಷದ ಕೆಲಸವನ್ನು ಏಳು ನಿಮಿಷದಲ್ಲಿ ಮಾಡು ಅಂದರೆ ಏನಾಗುತ್ತೆ ಅಂತ ನಿಮ್ಮ ಕೈಗೇ ಗೊತ್ತಾಗುತ್ತೆ.

ಅಂದಹಾಗೆ ಆ ಕಪ್ಪು ಕಾರಿನವರು ಇನ್ನೂ ಒಂಬತ್ತರ ಪಟ್ಟಿಯಲ್ಲೇ ಇದ್ದಾರೆ. ದಿನಾ ದುಡ್ಡು ಕೊಟ್ಟಮೇಲೆ ದಿನಾ ಒರೆಸಬೇಕು ಅನ್ನೋದು ಅವರ ವಾದ.